ಅಮ್ಮನ ಭುಜದ ಮೇಲಿದ್ದ ಕೈ

ನಮ್ಮ ನಡುಮನೆಯ ಗೋಡೆಯಲ್ಲಿ ಅಮ್ಮನ ಫೋಟೊ 30 ವರ್ಷಗಳಿಂದ ಒಂದೇ ಮೊಳೆಗೆ ತೂಗುತ್ತಿದೆ. 10 ಇಂಚು ಅಗಲ, 12 ಇಂಚು ಎತ್ತರದ ಕಪ್ಪುಬಿಳುಪು ಚಿತ್ರ, ಕಂದು ಬಣ್ಣದ ಮರದ ಕಟ್ಟು, ಗಾಜಿನ ಮೇಲೆ ಗಂಧದ ಹಾರ. ಹಣೆಯಲ್ಲಿ ಮಾತ್ರ ಕೆಂಪು ಬೊಟ್ಟು. ಅದು ಸ್ಟುಡಿಯೊದವರು ಕುಂಚದಿಂದ ಇಟ್ಟದ್ದು. ಅಮ್ಮ ನೇರವಾಗಿ ನೋಡುತ್ತಾಳೆ. ತುಟಿ ಮುಚ್ಚಿದೆ. ಸೆರಗು ಎರಡೂ ಭುಜಗಳ ಮೇಲೆ ಸುಕ್ಕಿಲ್ಲದೆ ಇಳಿದಿದೆ. ಹಬ್ಬಕ್ಕೆ ಗಾಜು ಒರೆಸುವಾಗ, ತಿಥಿಯ ದಿನ ಎದುರಿಗೆ ದೀಪ ಹಚ್ಚುವಾಗ ಆ ಮುಖವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆದರೆ ಅದರಲ್ಲಿರುವಂತೆ ಅಮ್ಮ ಸುಮ್ಮನೆ ಕುಳಿತದ್ದನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಫೋಟೊದಲ್ಲಿ ಏನೋ ತಪ್ಪಿದೆ ಎಂದು ಮನಸ್ಸು ಹೇಳುತ್ತಿತ್ತು. ಏನೆಂದು ಹೇಳಲು ಬರುತ್ತಿರಲಿಲ್ಲ.

ಹೋದ ವರ್ಷ ತಿಪಟೂರಿನ ಚಿಕ್ಕಮ್ಮನ ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದ ಟ್ರಂಕು ಕೆಳಗಿಳಿಯಿತು. ರೇಷ್ಮೆ ಸೀರೆಗಳ ಮಡಿಕೆಯಲ್ಲಿ, ನುಸಿಗುಳಿಗೆಯ ವಾಸನೆಯ ನಡುವೆ, ಅಂಗೈಗಿಂತ ತುಸು ದೊಡ್ಡದಾದ ಒಂದು ಫೋಟೊ ಸಿಕ್ಕಿತು. ಬೆನ್ನಿನ ಮೇಲೆ ಸ್ಟುಡಿಯೊದ ಮಾಸಿದ ಮುದ್ರೆ, ಪೆನ್ಸಿಲಿನಲ್ಲಿ ಬರೆದ 1971. ನಮ್ಮ ಇಡೀ ಸಂಸಾರ ಅದರಲ್ಲಿತ್ತು. ಹಿಂದೆ ಪರದೆಯ ಮೇಲೆ ಬರೆದ ಅರಮನೆಯ ಮೆಟ್ಟಿಲು ಮತ್ತು ಹೂದಾನಿ. ನಡುವೆ ಕೈಯಿರುವ ಕುರ್ಚಿಯಲ್ಲಿ ಅಪ್ಪ. ಅವರ ಬಲಕ್ಕೆ, ಸೆರಗನ್ನು ತಲೆಯ ಮೇಲೆ ಹೊದ್ದು ಸ್ವಲ್ಪ ಪಕ್ಕಕ್ಕೆ ತಿರುಗಿದ ಅಜ್ಜಿ. ಎಡಕ್ಕೆ ಒಂದು ಸ್ಟೂಲಿನ ಮೇಲೆ ಅಮ್ಮ. ಹಿಂದೆ, ಎರಡು ಜಡೆ ಮುಂದೆ ಬಿಟ್ಟುಕೊಂಡು ನಿಂತ 16 ವರ್ಷದ ಚಿಕ್ಕಮ್ಮ. ಆಗ ಅವಳು ನಮ್ಮ ಮನೆಯಲ್ಲಿದ್ದುಕೊಂಡು ಓದುತ್ತಿದ್ದಳು.

ಅಮ್ಮನ ಭಾಗವನ್ನು ನೋಡುತ್ತ ನಾನು ಬಹಳ ಹೊತ್ತು ಕುಳಿತೆ. ಗೋಡೆಯ ಮೇಲಿನ ಫೋಟೊ ಇದರಿಂದಲೇ ಬಂದದ್ದು ಎಂಬುದು ಕಿವಿಯ ಓಲೆ, ಬೈತಲೆಯ ಓರೆಯಿಂದ ಗೊತ್ತಾಯಿತು. ಆದರೆ ಇಲ್ಲಿ ಅಮ್ಮನ ತೊಡೆಯ ಮೇಲೆ ಒಂದು ವರ್ಷದ ತಮ್ಮ ಇದ್ದಾನೆ. ಅವನು ಜಾರದಂತೆ ಅವಳ ಎಡಗೈ ಅವನ ಹೊಟ್ಟೆಯನ್ನು ಬಳಸಿದೆ. ಪಕ್ಕದ ಮರದ ಪೆಟ್ಟಿಗೆಯ ಮೇಲೆ ನಾಲ್ಕು ವರ್ಷದ ನಾನು ನಿಂತಿದ್ದೇನೆ. ನಾನು ಬೀಳದಂತೆ ಅವಳ ಬಲಗೈ ನನ್ನ ಲಂಗದ ಹಿಂಬದಿಯನ್ನು ಹಿಡಿದಿದೆ. ಹಿಡಿತಕ್ಕೆ ಬಟ್ಟೆ ಮುದುರಿದ್ದು ಕಾಣುತ್ತದೆ. ನನ್ನ ಕೈ ಅವಳ ಭುಜದ ಮೇಲಿದೆ. ಮುಷ್ಟಿಯ ತುಂಬ ಸೆರಗು. ಮುಖ ಕೂದಲೆಳೆಯಷ್ಟು ನನ್ನ ಕಡೆಗೆ ತಿರುಗಿದೆ, ತುಟಿಗಳು ಬಿಚ್ಚಿವೆ. ಕ್ಯಾಮೆರಾ ಕ್ಲಿಕ್ಕಿಸಿದ ಗಳಿಗೆಯಲ್ಲಿ ಅಮ್ಮ ಏನೋ ಮಾತನಾಡುತ್ತಿದ್ದಳು.

ಗೋಡೆಯ ಮೇಲಿನ ಫೋಟೊದಲ್ಲಿ ತಮ್ಮ ಇಲ್ಲ, ಅಮ್ಮನ ಕೈಗಳಿಲ್ಲ, ನನ್ನ ಕೈ ಇಲ್ಲ. ಬಾಯಿಯನ್ನೂ ಮುಚ್ಚಿದ್ದಾರೆ.

ಇದು ಹೇಗೆ ಆಯಿತೆಂಬುದು ನನಗೆ ನೆನಪಿದೆ. 1994ರಲ್ಲಿ ಅಮ್ಮ ತೀರಿಕೊಂಡಾಗ, ವೈಕುಂಠ ಸಮಾರಾಧನೆಗೆ ಒಂದು ಫೋಟೊ ಬೇಕೆಂದು ಮನೆಯೆಲ್ಲ ಹುಡುಕಿದೆವು. 48 ವರ್ಷ ಬಾಳಿದ ಹೆಂಗಸು ಒಬ್ಬಳೇ ಇದ್ದ ಫೋಟೊ ಸಿಕ್ಕಿದ್ದು ಒಂದೇ ಒಂದು, ಅವಳ ಸೀಮಂತದ್ದು. ನಮ್ಮ ಕಡೆ ಆ ಫೋಟೊದ ಕ್ರಮ ಎಲ್ಲರಿಗೂ ಗೊತ್ತಿರುವಂಥದು. ಬಸುರಿಗೆ ಮೊಗ್ಗಿನ ಜಡೆ ಹೆಣೆಸಿ, ಹಸಿರು ಬಳೆ ತೊಡಿಸಿ, ಹೂವು ಬಾಡುವ ಮುಂಚೆ ಸ್ಟುಡಿಯೊಕ್ಕೆ ಕರೆದೊಯ್ಯುತ್ತಿದ್ದರು. ಹಿಂದೆ ಓರೆಯಾಗಿ ಒಂದು ನಿಲುವುಗನ್ನಡಿ ಇಡುತ್ತಿದ್ದರು, ಮುಖ ಮತ್ತು ಜಡೆ ಎರಡೂ ಒಂದೇ ಚಿತ್ರದಲ್ಲಿ ಬರಲೆಂದು. ಅಮ್ಮನ ಫೋಟೊದಲ್ಲಿಯೂ ಕನ್ನಡಿಯೊಳಗೆ ಸೊಂಟದವರೆಗೆ ಇಳಿದ ಮಲ್ಲಿಗೆ ಮೊಗ್ಗಿನ ಸಾಲುಗಳಿವೆ. ಅವಳಿಗೆ ಆಗ 21. ಒಬ್ಬಳೇ ಇದ್ದಾಳೆ ಎಂದರೂ ಒಳಗೆ ನಾನಿದ್ದೆ.

ದೊಡ್ಡಪ್ಪ ಆ ಫೋಟೊ ಬೇಡವೆಂದರು. ಬಸುರಿಯ ಚಿತ್ರಕ್ಕೆ ಹಾರ ಹಾಕಬಾರದು, ಅದು ಶ್ರೇಯಸ್ಸಲ್ಲ. ಯಾರೂ ಎದುರಾಡಲಿಲ್ಲ. ಹಾಗಾಗಿ ನನ್ನ ತಮ್ಮ ನಮ್ಮ ಸಂಸಾರದ ಗುಂಪಿನ ಫೋಟೊವನ್ನು ಪೇಟೆಗೆ ತೆಗೆದುಕೊಂಡು ಹೋಗಿ ‘ಇವರೊಬ್ಬರನ್ನು ಎನ್‌ಲಾರ್ಜ್ ಮಾಡಿಕೊಡಿ’ ಎಂದು ಕೊಟ್ಟ. ಎರಡು ದಿನಗಳಲ್ಲಿ ಕಟ್ಟು ಹಾಕಿದ ಅಮ್ಮ ಮನೆಗೆ ಬಂದಳು. ನಮ್ಮಲ್ಲಿದ್ದ ಮೂಲ ಪ್ರತಿ ಆಮೇಲೆ ಎಲ್ಲಿ ಹೋಯಿತೋ. ಚಿಕ್ಕಮ್ಮ ತನ್ನ ಪ್ರತಿಯನ್ನು ಸೀರೆಯೊಳಗೆ ಕಾಪಾಡಿಕೊಂಡಿರದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಆ ಕೆಲಸ ಹೇಗೆ ನಡೆಯುತ್ತಿತ್ತು ಎಂದು ತಿಳಿಯುವ ಹಂಬಲ ಹತ್ತಿತು. ಹಲವು ದಶಕ ಟಚಿಂಗ್, ಎಂದರೆ ಫೋಟೊ ತಿದ್ದುವ ಕೆಲಸ ಮಾಡಿ ಈಗ ಮನೆಯಲ್ಲಿರುವ ಹಿರಿಯರೊಬ್ಬರು ಅದನ್ನು ತಾಳ್ಮೆಯಿಂದ ವಿವರಿಸಿದರು. ಮೊದಲು ಹಳೆಯ ಫೋಟೊದ ಫೋಟೊ ತೆಗೆದು ಕಾಪಿ ನೆಗೆಟಿವ್ ಮಾಡಿಕೊಳ್ಳುತ್ತಾರೆ. ನೆಗೆಟಿವನ್ನು ಇಳಿಜಾರು ಮೇಜಿನ ಗಾಜಿನ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಸೂಜಿಯಂತೆ ಚೂಪಾದ ಪೆನ್ಸಿಲಿನಿಂದ ಚುಕ್ಕಿ ಚುಕ್ಕಿಯಾಗಿ ತೀಡುತ್ತಾರೆ. ನೆಗೆಟಿವಿನಲ್ಲಿ ಕಪ್ಪಾದದ್ದು ಕಾಗದದ ಮೇಲೆ ಬೆಳ್ಳಗೆ ಬರುವುದರಿಂದ ಕಣ್ಣಿನ ಕೆಳಗಿನ ಕಪ್ಪು, ಕೆನ್ನೆಯ ಸುಕ್ಕು ಹೀಗೆ ಮಾಯವಾಗುತ್ತವೆ. ಬೇಡವಾದದ್ದನ್ನು ಮುಚ್ಚುವ ಕೆಲಸ ಮುದ್ರಿಸಿದ ಬ್ರೊಮೈಡ್ ಕಾಗದದ ಮೇಲೆ: ಕುಂಚದಿಂದ ಕಪ್ಪು ತುಂಬಬೇಕು, ಬೆಳಕು ಬೇಕಾದಲ್ಲಿ ಬ್ಲೇಡಿನ ತುದಿಯಿಂದ ಕೆರೆಯಬೇಕು. ‘ಕೈ ಮುಚ್ಚುವುದು ಸುಲಭ, ಅದರ ಕೆಳಗಿನ ಸೀರೆಯ ಅಂಚನ್ನು ಊಹಿಸಿ ಮುಂದುವರಿಸುವುದೇ ಕಷ್ಟ’ ಎಂದರು.

ಅವರು ಹೇಳಿದ ಇನ್ನೊಂದು ಮಾತು ನನ್ನನ್ನು ಹಿಡಿದು ನಿಲ್ಲಿಸಿತು. ಹಾರ ಹಾಕುವ ಫೋಟೊಕ್ಕೆಂದು ಬರುತ್ತಿದ್ದ ಗಂಡಸರ ಚಿತ್ರಗಳಲ್ಲಿ ಅಷ್ಟು ಕೆಲಸ ಇರುತ್ತಿರಲಿಲ್ಲವಂತೆ. ಗಂಡಸರು ನೌಕರಿಗೆ, ಅರ್ಜಿಗೆ, ಬ್ಯಾಂಕಿಗೆ ಎಂದು ಎಂದೋ ಒಮ್ಮೆ ಒಬ್ಬರೇ ಕುಳಿತು ತೆಗೆಸಿಕೊಂಡಿರುತ್ತಿದ್ದರು. ತಾಯಂದಿರು ಮಾತ್ರ ಯಾವಾಗಲೂ ಗುಂಪಿನಿಂದ ಬರುತ್ತಿದ್ದರು. ಅವರ ಮೇಲೆ ಯಾರದಾದರೂ ಕೈ ಇರುತ್ತಿತ್ತು, ತಲೆ ಒರಗಿರುತ್ತಿತ್ತು, ಮಗುವಿನ ಜುಟ್ಟು ಗಲ್ಲದವರೆಗೆ ಬಂದಿರುತ್ತಿತ್ತು. ‘ಎಷ್ಟು ಮಕ್ಕಳನ್ನು ಅಳಿಸಿದ್ದೇನೋ ತಾಯಿ’ ಎಂದು ಅವರು ತಮ್ಮ ಬೆರಳುಗಳನ್ನು ನೋಡಿಕೊಂಡರು. ನಾನು ಅವರನ್ನು ದೂರುವುದಿಲ್ಲ. ದುಃಖದ ಮನೆಯವರು ಕೇಳಿದ್ದನ್ನು ಅವರು ಪ್ರೀತಿಯಿಂದ, ಬಲು ಚೆನ್ನಾಗಿ ಮಾಡಿಕೊಟ್ಟರು. ಸತ್ತವರಿಗೆ ಒಂಟಿಯಾದ ಮುಖ ಬೇಕೆಂದು ತೀರ್ಮಾನಿಸಿದವರು ನಾವು.

ತಾಯಿ ಮಕ್ಕಳನ್ನು ಫೋಟೊದಲ್ಲಿ ಬೇರ್ಪಡಿಸುವ ಪದ್ಧತಿ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 19ನೆಯ ಶತಮಾನದ ಇಂಗ್ಲೆಂಡ್, ಅಮೆರಿಕಗಳಲ್ಲಿ ಅದು ಇನ್ನೂ ವಿಚಿತ್ರವಾದ ರೂಪದಲ್ಲಿತ್ತು, ಅಲ್ಲಿ ಮರೆಮಾಡುತ್ತಿದ್ದದ್ದು ತಾಯಿಯನ್ನೇ. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಒದ್ದೆ ಕೊಲೋಡಿಯನ್ ವಿಧಾನದಿಂದ (ರಾಸಾಯನಿಕ ಲೇಪಿಸಿದ ಗಾಜು ಒದ್ದೆಯಿರುವಾಗಲೇ ಅದರ ಮೇಲೆ ಚಿತ್ರ ಹಿಡಿಯುವುದು) ಫೋಟೊ ತೆಗೆಯುವ ಸಮಯ ನಿಮಿಷಗಳಿಂದ ಸೆಕೆಂಡುಗಳಿಗೆ ಇಳಿದರೂ, ಹಸುಗೂಸು ಅಷ್ಟು ಸೆಕೆಂಡು ಅಲುಗದೆ ಇರಬೇಕಲ್ಲ. ದೊಡ್ಡವರ ತಲೆಗಾದರೆ ಹಿಂದೆ ಕಬ್ಬಿಣದ ಹಿಡಿಕೆ ಕೊಡುತ್ತಿದ್ದರು. ಮಗುವಿಗೆ ಇದ್ದ ಹಿಡಿಕೆ ತಾಯಿಯೇ. ಆದರೆ ಬೇಕಾದದ್ದು ಮಗುವಿನ ಚಿತ್ರ. ಆದ್ದರಿಂದ ತಾಯಿಯ ತಲೆಯ ಮೇಲಿಂದ ಪರದೆಯನ್ನೋ ಕಂಬಳಿಯನ್ನೋ ಹೊದಿಸಿ, ಅವಳನ್ನು ಕುರ್ಚಿಯಂತೆ ಕೂರಿಸಿ, ಮಡಿಲಲ್ಲಿ ಮಗುವನ್ನು ಇಡುತ್ತಿದ್ದರು. ಮೇಲೆ ಅಂಡಾಕಾರದ ರಟ್ಟಿನ ಚೌಕಟ್ಟು ಬಿದ್ದರೆ ಉಳಿದದ್ದೆಲ್ಲ ಮುಚ್ಚಿಹೋಗುತ್ತಿತ್ತು. ಕೆಲವು ತಗಡಿನ ಫೋಟೊಗಳಲ್ಲಿ ತಾಯಿಯ ಮುಖವನ್ನು ಆಮೇಲೆ ಕೆರೆದುಹಾಕಿದ್ದಾರೆ. ಲಿಂಡಾ ಫ್ರೆನ್ಯಿ ನಾಗ್ಲರ್ ಎಂಬ ಕಲಾವಿದೆ ಇಂಥ ಸುಮಾರು ಸಾವಿರ ಚಿತ್ರಗಳನ್ನು ಸಂಗ್ರಹಿಸಿ 2013ರ ವೆನಿಸ್ ಬಿಯೆನಾಲೆ ಎಂಬ ಕಲಾಮೇಳದಲ್ಲಿ ಪ್ರದರ್ಶಿಸಿದರು.

ಆ ಚೌಕಟ್ಟುಗಳನ್ನು ಕಳಚಿದ ಚಿತ್ರಗಳನ್ನು ನಾನು ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದು ಮಾಡಿ ನೋಡಿದ್ದೇನೆ. ಮುಖ ಇಲ್ಲದ ಕಪ್ಪು ಬಟ್ಟೆಯ ರಾಶಿ. ಅದರೊಳಗಿಂದ ಹೊರಬಂದ ಕೈಯೊಂದು ಮಗುವಿನ ಪಕ್ಕೆಯನ್ನು ಹಿಡಿದಿದೆ. ಮೊದಲ ನೋಟಕ್ಕೆ ಭಯವಾಗುತ್ತದೆ. ಎರಡನೆಯ ಸಲ ನೋಡಿದಾಗ, ಆ ಬೆರಳುಗಳು ಒತ್ತಿರುವ ರೀತಿಯಲ್ಲಿ, ಬಿಗಿ ಹೆಚ್ಚಾದರೆ ಅಳುತ್ತದೆ, ಕಡಿಮೆಯಾದರೆ ಜಾರುತ್ತದೆ ಎಂದು ಬಲ್ಲ ಹಿಡಿತ ಕಾಣುತ್ತದೆ. ನನ್ನ ಲಂಗವನ್ನು ಅಮ್ಮ ಹಿಡಿದದ್ದೂ ಹಾಗೆಯೇ.

ಇನ್ನೊಂದು ಅಳಿಸಿದ ಬೆರಳಿನ ಕಥೆ ಇದಕ್ಕಿಂತ ಹೆಸರಾದದ್ದು. 1936ರಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ, ಬಟಾಣಿ ಕೀಳುವ ಕೂಲಿಗಳ ಬಿಡಾರದಲ್ಲಿ, ಅಮೆರಿಕ ಸರ್ಕಾರಕ್ಕಾಗಿ ದುಡಿಯುತ್ತಿದ್ದ ಛಾಯಾಗ್ರಾಹಕಿ ಡೊರೊಥಿಯಾ ಲ್ಯಾಂಗ್ ತೆಗೆದ ತಾಯಿ ಮಕ್ಕಳ ಚಿತ್ರವನ್ನು ಎಲ್ಲೋ ಒಂದು ಕಡೆ ನೀವೂ ನೋಡಿರುತ್ತೀರಿ. ಹಿಮಕ್ಕೆ ಬೆಳೆ ಹಾಳಾಗಿತ್ತು, ಕೂಲಿ ಇರಲಿಲ್ಲ. ಹರಕು ಗುಡಾರದ ಬಾಯಲ್ಲಿ 32 ವರ್ಷದ ತಾಯಿ. ಮಡಿಲಲ್ಲಿ ಕೂಸು. ಎರಡೂ ಭುಜಗಳಿಗೆ ಒರಗಿ, ಕ್ಯಾಮೆರಾಕ್ಕೆ ಬೆನ್ನು ಮಾಡಿ ನಿಂತ ಇಬ್ಬರು ಮಕ್ಕಳು. ಒಂದು ಕೈ ಗಲ್ಲದ ಹತ್ತಿರ. ಕಣ್ಣು ಎಲ್ಲೋ ದೂರ. ಮೂಲ ಚಿತ್ರದ ಬಲ ಮೂಲೆಯಲ್ಲಿ, ಗುಡಾರದ ಕಂಬವನ್ನು ಹಿಡಿದ ಅವಳ ಇನ್ನೊಂದು ಕೈಯ ಹೆಬ್ಬೆರಳು ಕಾಣುತ್ತಿತ್ತು. 1939ರಲ್ಲಿ ಲ್ಯಾಂಗ್ ನೆಗೆಟಿವಿನ ಮೇಲೆ ಅದನ್ನು ತಿದ್ದಿಸಿ ಮರೆಮಾಡಿದರು. ಅವರ ಮೇಲಧಿಕಾರಿ ರಾಯ್ ಸ್ಟ್ರೈಕರ್ ಅವರಿಗೆ ಅದು ಇಷ್ಟವಾಗಲಿಲ್ಲ. ಲ್ಯಾಂಗ್ ಅವರ ಕಣ್ಣಿಗೆ ಆ ಹೆಬ್ಬೆರಳು ಚಿತ್ರದ ಅಂದ ಕೆಡಿಸುವ ದೋಷವಾಗಿತ್ತು. ನನಗೆ ಅದು ಬೇಕು. ಬೀಳುವಂತಿದ್ದ ಗುಡಾರದ ಕಂಬವನ್ನು ಹಿಡಿದುಕೊಂಡೇ ಮೂರು ಮಕ್ಕಳಿಗೆ ಒರಗಲು ಮೈಯನ್ನೂ ಕೊಟ್ಟವಳು ಅವಳು.

ಆ ತಾಯಿಯ ಹೆಸರನ್ನು ಲ್ಯಾಂಗ್ ಕೇಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು, ಅವಳು ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರ ಮೂಲದವಳೆಂಬ ವಿಷಯ ಜಗತ್ತಿಗೆ ತಿಳಿದದ್ದು 1978ರಲ್ಲಿ. ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ಆ ಬಿಡಾರಕ್ಕೆ ಸರ್ಕಾರದಿಂದ ಆಹಾರ ಬಂತು. ಅಷ್ಟು ಹೊತ್ತಿಗೆ ಅವಳ ಸಂಸಾರ ಅಲ್ಲಿಂದ ಹೊರಟುಹೋಗಿತ್ತು. ತನ್ನ ಮುಖದಿಂದ ತನಗೆ ಒಂದು ಕಾಸೂ ಸಿಗಲಿಲ್ಲವೆಂದು ಆಕೆ ನೊಂದುಕೊಂಡಿದ್ದಳು. ಲ್ಯಾಂಗ್ ಅವರ ಬದುಕಿನ ಒಂದು ಸಂಗತಿಯೂ ನನ್ನನ್ನು ಬಿಡುವುದಿಲ್ಲ. ಆ ಕಷ್ಟದ ವರ್ಷಗಳಲ್ಲಿ ಅವರು ತಮ್ಮ ಇಬ್ಬರು ಗಂಡುಮಕ್ಕಳನ್ನು ಬೇರೆಯವರ ಮನೆಗಳಲ್ಲಿ ಬಿಟ್ಟು ಕೆಲಸಕ್ಕೆ ಹೋಗಬೇಕಾಗಿತ್ತು. ಮಕ್ಕಳು ಮೈಗೆ ಅಂಟಿಕೊಂಡ ಆ ತಾಯಿಯನ್ನು ಕ್ಯಾಮೆರಾದೊಳಗಿಂದ ನೋಡುತ್ತಿದ್ದ ಹೆಂಗಸೂ ಒಬ್ಬ ತಾಯಿ, ಮಕ್ಕಳಿಂದ ದೂರ ಇದ್ದವಳು. ಇದನ್ನು ತಿಳಿದ ಮೇಲೆ ನನಗೆ ಆ ಚಿತ್ರದಲ್ಲಿ ಇಬ್ಬರು ತಾಯಂದಿರು ಕಾಣುತ್ತಾರೆ.

ನಮ್ಮವರೇ ಆದ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಅವರನ್ನು ಇಲ್ಲಿ ನೆನೆಯದಿರಲಾರೆ. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿದ ಅವರು ಕಪ್ಪುಬಿಳುಪಿನಲ್ಲಿ ಜನಸಾಮಾನ್ಯರನ್ನು ಎಷ್ಟು ಹತ್ತಿರದಿಂದ ಕಂಡರು! ಯುನಿಸೆಫ್‌ಗಾಗಿ ದುಡಿದರು, 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆಯಿತು. ಅವರ ಚಿತ್ರಗಳ ಜನ ತಮ್ಮ ಕೆಲಸದ ನಡುವೆ ಇರುತ್ತಾರೆ, ಅಲ್ಲಾಡಬೇಡಿ ಎಂದು ಯಾರೂ ಅವರಿಗೆ ಹೇಳಿದಂತಿಲ್ಲ. ಆದರೆ ನಮ್ಮಂಥವರ ಮನೆಗೆ ಅಂಥ ಕಣ್ಣು ಬರಲಿಲ್ಲ. ನಮಗಿದ್ದದ್ದು ಪೇಟೆಯ ಸ್ಟುಡಿಯೊ. ಎರಡು ದೊಡ್ಡ ಬಲ್ಬು, ಗೋಡೆಗೆ ನೇತುಹಾಕಿದ ಕನ್ನಡಿ, ಹತ್ತಾರು ಜನ ತಲೆ ಬಾಚಿದ ಒಂದು ಬಾಚಣಿಗೆ, ಪೌಡರಿನ ಡಬ್ಬಿ. ಒಂದು ಸಂಸಾರಕ್ಕೆ ಒಂದೇ ಫಿಲಂ. ಯಾರಾದರೂ ಕಣ್ಣು ಮುಚ್ಚಿದರೂ, ಬಾಯಿ ತೆರೆದರೂ ಎರಡನೆಯದು ತೆಗೆಯುವ ಮಾತಿಲ್ಲ. ಅಮ್ಮನ ತುಟಿ ಬಿಚ್ಚಿದ ಫೋಟೊ ಉಳಿದದ್ದು ಅದಕ್ಕೇ.

ಈ ಫೋಟೊವನ್ನು ತಮ್ಮನ ಮಗ ಮೊಬೈಲಿನಲ್ಲಿ ಸೆರೆಹಿಡಿದು, ಬಣ್ಣ ತುಂಬುವ ಆ್ಯಪ್ ಒಂದಕ್ಕೆ ಕೊಟ್ಟ. ಅರ್ಧ ನಿಮಿಷದಲ್ಲಿ ನಮ್ಮೆಲ್ಲರಿಗೂ ಬಣ್ಣ ಬಂತು. ಅಮ್ಮನ ಸೀರೆ ಕುಂಕುಮ ಕೆಂಪು, ಅಜ್ಜಿಯದು ನೀಲಿ. ಹುಡುಗನ ಉತ್ಸಾಹಕ್ಕೆ ಭಂಗ ತರಬಾರದೆಂದು ಸುಮ್ಮನಿದ್ದೆ. ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ನೋಡಿ ತಲೆಯಾಡಿಸಿದಳು. ‘ಅದು ಗಿಣಿ ಹಸಿರು. ನನ್ನ ಸೀರೆ. ಅಕ್ಕನ ಹತ್ತಿರ ಫೋಟೊಕ್ಕೆ ಉಡುವಂಥದು ಇರಲಿಲ್ಲ’ ಎಂದಳು. ಅಮ್ಮ ಎರವಲು ಸೀರೆ ಉಟ್ಟಿದ್ದಳೆಂಬುದು 50 ವರ್ಷ ದಾಟಿದ ಮೇಲೆ ನನಗೆ ತಿಳಿಯಿತು. ಸಂಸಾರದಲ್ಲಿ ಎಲ್ಲರ ಬಟ್ಟೆಯೂ ಅವರವರದೇ, ಅಮ್ಮನದು ಮಾತ್ರ ಅಲ್ಲ.

ಅಜ್ಜಿ ಉಟ್ಟದ್ದು ಕೆಂಪು ಸೀರೆ. ಅದು ಯಾವ ಕೆಂಪೆಂದು ನಮ್ಮಂಥ ಮನೆಗಳಲ್ಲಿ ಬೆಳೆದವರಿಗೆ ವಿವರಿಸಬೇಕಾಗಿಲ್ಲ. ಗಂಡ ಸತ್ತ ಮೇಲೆ ತಲೆ ಬೋಳಿಸಿ, ಕುಂಕುಮ ಅಳಿಸಿ, ಬದುಕೆಲ್ಲ ಉಡಿಸುತ್ತಿದ್ದ ಮಡಿಯ ಕೆಂಪು. ಫೋಟೊಕ್ಕೆ ಬರಲು ಅಜ್ಜಿ ಒಪ್ಪಿರಲಿಲ್ಲ, ಅಪ್ಪ ಹಟ ಹಿಡಿದು ಕರೆತಂದಿದ್ದರು. ಹಳೆಯ ಕಾಲದ ಗಾಜಿನ ಪ್ಲೇಟುಗಳಿಗೆ ಕೆಂಪು ಕಾಣುತ್ತಲೇ ಇರಲಿಲ್ಲ, ಅದು ಕಪ್ಪಾಗಿ ಮೂಡುತ್ತಿತ್ತು. ಎಲ್ಲ ಬಣ್ಣಗಳಿಗೂ ಸ್ಪಂದಿಸುವ ಪ್ಯಾನ್‌ಕ್ರೊಮ್ಯಾಟಿಕ್ ಫಿಲಂ ಬಂದ ಮೇಲೆ ಕೆಂಪು ಬೂದುಬಣ್ಣವಾಯಿತು. ಮುದ್ರಿಸುವ ಬ್ರೊಮೈಡ್ ಕಾಗದಕ್ಕೆ ಕೆಂಪು ಕಾಣದು. ಡಾರ್ಕ್‌ರೂಮಿನಲ್ಲಿ ಕೆಂಪು ದೀಪ ಉರಿಯುವುದು ಅದಕ್ಕೇ. ನಮ್ಮ ಫೋಟೊದಲ್ಲಿ ಅಮ್ಮನ ಹಣೆಯ ಕಾಸಿನಗಲ ಕುಂಕುಮವೂ ಅಜ್ಜಿಯ ಸೀರೆಯೂ ಒಂದೇ ಕಡುಬೂದು. ಮನೆಯೊಳಗೆ ಒಂದು ಕೆಂಪಿಗೆ ಅರಿಸಿನ ಕುಂಕುಮದ ಮರ್ಯಾದೆ, ಇನ್ನೊಂದು ಕೆಂಪು ಶುಭಕಾರ್ಯಕ್ಕೆ ಎದುರು ಬರುವಂತಿಲ್ಲ. ಅಪ್ಪನನ್ನು ಹೆತ್ತವಳು, ನಮ್ಮನ್ನು ಹೆತ್ತವಳು ಇಬ್ಬರೂ ಆ ಕಾಗದದ ಮೇಲೆ ಒಂದೇ ಬಣ್ಣದಲ್ಲಿ ಕುಳಿತಿದ್ದಾರೆ. ಆ್ಯಪ್ ಅಜ್ಜಿಗೆ ನೀಲಿ ಸೀರೆ ಉಡಿಸಿದ್ದು ನೋಡಿ ಒಂದು ಗಳಿಗೆ ಸಂತೋಷವೂ ಆಯಿತು. ಅವಳು ನೀಲಿ ಉಟ್ಟದ್ದನ್ನು ನಾನು ನೋಡಿಯೇ ಇರಲಿಲ್ಲ. ಆದರೂ ಆ ಬಣ್ಣದ ಪ್ರತಿಯನ್ನು ನಾನು ಇಟ್ಟುಕೊಳ್ಳಲಿಲ್ಲ.

ಗೋಡೆಯ ಮೇಲಿನ ಫೋಟೊವನ್ನು ತೆಗೆಯುವ ಧೈರ್ಯ ನನಗಿಲ್ಲ. ಅದಕ್ಕೂ 30 ವರ್ಷದ ದೀಪದ ಬೆಳಕು ಬಿದ್ದಿದೆ, ನನ್ನ ಮಕ್ಕಳಿಗೆ ಅಜ್ಜಿ ಎಂದರೆ ಆ ಮುಖವೇ. ಚಿಕ್ಕಮ್ಮನ ಪ್ರತಿಯನ್ನು ಸ್ಕ್ಯಾನ್ ಮಾಡಿಸಿ, ಯಾರನ್ನೂ ಕತ್ತರಿಸದೆ, ಅದೇ ಅಳತೆಗೆ ಮುದ್ರಿಸಿ ಪಕ್ಕದಲ್ಲಿ ಹಾಕಿದ್ದೇನೆ. ಅಂಗಡಿಯ ಹುಡುಗ ಅಮ್ಮನ ಮುಖದ ಮೇಲಿನ ಬಿಳಿ ಗೆರೆಗಳನ್ನು ತೆಗೆಯಲೇ ಎಂದು ಕೇಳಿದ. ಕಾಗದ ಮಡಿಸಿದ ಗೆರೆ ತೆಗೆಯಲು ಹೇಳಿದೆ. ನನ್ನ ಕೈ, ಅವಳ ಕೈ, ಮುದುರಿದ ಲಂಗ, ಬಿಚ್ಚಿದ ತುಟಿ ಇವುಗಳನ್ನು ಮುಟ್ಟಬೇಡವೆಂದು ಎರಡೆರಡು ಸಲ ಹೇಳಿದೆ.

ಕಟ್ಟು ಹಾಕಿಸಿದ ಮೇಲೆ ಚಿಕ್ಕಮ್ಮನನ್ನು ಮನೆಗೆ ಕರೆತಂದೆ. ಅವಳು ಗೋಡೆಯ ಮುಂದೆ ಕುರ್ಚಿ ಹಾಕಿಸಿಕೊಂಡು ಕುಳಿತಳು. ಆ ಫೋಟೊದಲ್ಲಿರುವ ದೊಡ್ಡವರಲ್ಲಿ ಈಗ ಉಳಿದವಳು ಅವಳೊಬ್ಬಳೇ. ಅಮ್ಮ ಆಗ ಏನು ಹೇಳುತ್ತಿದ್ದಳು, ನಿನಗೆ ನೆನಪಿದೆಯೇ ಎಂದು ಕೇಳಿದೆ. ನಾನು ಅಲ್ಲಾಡುತ್ತಿದ್ದೆನೇನೋ, ಗದರುತ್ತಿದ್ದಳೇನೋ ಎಂದುಕೊಂಡಿದ್ದೆ.

‘ಅಲ್ಲ’ ಎಂದಳು ಚಿಕ್ಕಮ್ಮ. ‘ನೀನು ಕಂಬದ ಹಾಗೆ ನಿಂತಿದ್ದೆ. ಫೋಟೊದವರು, ಯಾರೂ ಅಲುಗಬಾರದು, ಉಸಿರು ಬಿಗಿಹಿಡಿಯಿರಿ ಎಂದಿದ್ದರು. ದೊಡ್ಡವರೆಲ್ಲ ಸುಮ್ಮನೆ ಹೂಂ ಎಂದೆವು. ನೀನು ನಿಜವಾಗಿಯೂ ಹಿಡಿದುಬಿಟ್ಟೆ. ಅವರು ಕಪ್ಪು ಬಟ್ಟೆಯೊಳಗೆ ತಲೆ ಹಾಕಿ ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ನಿನ್ನ ಮುಖ ಕೆಂಪಾಯಿತು. ನಿನ್ನ ಕೈ ಅಕ್ಕನ ಭುಜದ ಮೇಲಿತ್ತಲ್ಲ, ಅವಳಿಗೆ ಗೊತ್ತಾಗಿರಬೇಕು. ಅವಳು ತಲೆ ಹೆಚ್ಚು ತಿರುಗಿಸದೆ, ತುಟಿಯಲ್ಲೇ ಹೇಳಿದಳು, ಉಸಿರು ಬಿಡು ಮಗಳೇ, ಉಸಿರು ಬಿಡು ಎಂದು. ಆಗಲೇ ದೀಪ ಹತ್ತಿತು.’